ಚಮಚ ಬಗ್ಗಿಸಿದವರಿಗೆ ಚಪ್ಪಾಳೆ, ಕಂಬಿ ಬಗ್ಗಿಸಿದವರಿಗೆ?

ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಈ ತಿಂಗಳು ನೆಟ್ಟಗಿರುವ ಚಮಚ ಸಿಗುವುದೇ ಕಷ್ಟವಾಗಿದೆ. ಕಾರಣ ಎಲ್ಲರಿಗೂ ಗೊತ್ತು. ಮೊಬೈಲಿನಿಂದ ಮೊಬೈಲಿಗೆ ಒಂದು ವಿಡಿಯೊ ಹರಿದಾಡುತ್ತಿದೆ. ಕಪ್ಪು ಕೋಟು ತೊಟ್ಟವರೊಬ್ಬರು ಚಮಚದ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಸವರುತ್ತಾರೆ. ಚಮಚ ಬಿಸಿಲಿಗಿಟ್ಟ ಮೇಣದಂತೆ ಬಾಗುತ್ತದೆ. ಕೆಳಗೆ ‘ಮನಸ್ಸಿನ ಶಕ್ತಿ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ನಮ್ಮ ಹುಡುಗರು, ಹುಡುಗಿಯರು ವಿರಾಮದಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದಾರೆ. ಚಮಚಗಳು ಬಾಗುತ್ತಿರುವುದಂತೂ ನಿಜ. ಅದು ಮನಸ್ಸಿನಿಂದಲೋ ಹೆಬ್ಬೆರಳಿನಿಂದಲೋ ಎಂಬುದಷ್ಟೇ ಪ್ರಶ್ನೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ವಿಡಿಯೊದ ಬೆನ್ನಿಗೇ ನಮ್ಮ ಪಟ್ಟಣದಲ್ಲಿ ಕರಪತ್ರಗಳೂ ಬಂದಿವೆ. ಮಕ್ಕಳೊಳಗೆ ಮಲಗಿರುವ ಶಕ್ತಿಯನ್ನು ಎಬ್ಬಿಸುವ ಎರಡು ದಿನಗಳ ಶಿಬಿರವಂತೆ. ಓದಿದ್ದು ಮರೆಯುವುದಿಲ್ಲವಂತೆ, ಅಂಕ ತಾನಾಗಿ ಹೆಚ್ಚುತ್ತದಂತೆ. ಸಾಕ್ಷಿಯಾಗಿ ವೇದಿಕೆಯ ಮೇಲೆ ಚಮಚ ಬಗ್ಗಿಸಿ ತೋರಿಸುತ್ತಾರಂತೆ. ಶುಲ್ಕ ಮಾತ್ರ ‘ಅಂತೆ’ ಅಲ್ಲ, ಅದು ಸ್ಪಷ್ಟವಾಗಿ ಸಾವಿರಗಳಲ್ಲಿದೆ. ನಮ್ಮಲ್ಲಿ ಹಲವರ ಅಪ್ಪಂದಿರು ಅಷ್ಟು ದುಡಿಯಲು ಒಂದು ವಾರ ಬೆವರು ಸುರಿಸಬೇಕು.

ನನ್ನ ತಕರಾರು ಎರಡು. ಮೊದಲನೆಯದು, ವಿಜ್ಞಾನ ಓದುವ ನಾವು ಲೋಹ ಹೇಗೆ ಬಾಗುತ್ತದೆ ಎಂದು ಕೇಳದೆಯೇ ಚಪ್ಪಾಳೆ ತಟ್ಟುತ್ತಿದ್ದೇವೆ. ಎರಡನೆಯದು ನನಗೆ ಹೆಚ್ಚು ನೋವು ಕೊಡುವಂಥದ್ದು. ದಿನವೂ ನಿಜವಾಗಿ ಲೋಹ ಬಗ್ಗಿಸುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗಾಗಿ ನಾವು ಒಮ್ಮೆಯೂ ಕೈ ತಟ್ಟಿಲ್ಲ.

ಚಮಚ ಬಗ್ಗಿಸುವ ಈ ಆಟ ಹೊಸದಲ್ಲ. ಇದಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1946ರಲ್ಲಿ ಟೆಲ್ ಅವೀವ್‌ನಲ್ಲಿ ಹುಟ್ಟಿದ ಯೂರಿ ಗೆಲ್ಲರ್ ಎಂಬವರು 1970ರ ದಶಕದಲ್ಲಿ ಇದನ್ನು ಜಗತ್ತಿಗೆಲ್ಲ ಹಬ್ಬಿಸಿದರು. ಬೀಗದ ಕೈ, ಚಮಚ, ಫೋರ್ಕ್ ಎಲ್ಲವನ್ನೂ ಮನಸ್ಸಿನಿಂದ ಬಗ್ಗಿಸುತ್ತೇನೆ ಎಂದರು. 1973ರ ನವೆಂಬರಿನಲ್ಲಿ ಅವರು ಬ್ರಿಟನ್ನಿನ ಬಿಬಿಸಿ ದೂರದರ್ಶನದಲ್ಲಿ ಕಾಣಿಸಿಕೊಂಡ ಮೇಲೆ, ನಮಗೂ ಆ ಶಕ್ತಿ ಬಂದಿದೆ ಎನ್ನುವ ಮಕ್ಕಳು ಆ ದೇಶದ ತುಂಬ ಹುಟ್ಟಿಕೊಂಡರು. ನಮ್ಮ ಕ್ಯಾಂಟೀನಿಗೆ ಇಂದು ಬಂದಿರುವ ಕಾಯಿಲೆ ಅವರಿಗೆ ಅಂದೇ ಬಂದಿತ್ತು.

ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆದಿತ್ತು. ಜಾನಿ ಕಾರ್ಸನ್ ಅವರ ‘ಟುನೈಟ್ ಶೋ’ಗೆ ಗೆಲ್ಲರ್ ಅತಿಥಿಯಾಗಿ ಬಂದರು. ಕಾರ್ಸನ್ ದೂರದರ್ಶನಕ್ಕೆ ಬರುವ ಮೊದಲು ಸ್ವತಃ ಜಾದೂ ಮಾಡುತ್ತಿದ್ದವರು. ಹಾಗಾಗಿ ಅವರ ತಂಡ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರರ ಸಲಹೆ ಕೇಳಿತು. ರ‍್ಯಾಂಡಿ ಹೇಳಿದ್ದು ತೀರ ಸರಳ: ಸಾಮಾನುಗಳನ್ನು ನೀವೇ ತನ್ನಿ, ಕಾರ್ಯಕ್ರಮಕ್ಕೆ ಮುಂಚೆ ಗೆಲ್ಲರ್ ಆಗಲಿ ಅವರ ಕಡೆಯವರಾಗಲಿ ಅವನ್ನು ಮುಟ್ಟದಂತೆ ನೋಡಿಕೊಳ್ಳಿ. ಅಷ್ಟೇ ಸಾಕಾಯಿತು. ಮೇಜಿನ ಮೇಲೆ ಸಾಮಾನುಗಳು ಇದ್ದಂತೆಯೇ ಇದ್ದವು. ಸುಮಾರು ಇಪ್ಪತ್ತು ನಿಮಿಷ ಕಳೆದರೂ ಏನೂ ಬಾಗಲಿಲ್ಲ. ಇಂದು ತನ್ನಲ್ಲಿ ಶಕ್ತಿ ಬರುತ್ತಿಲ್ಲ ಎಂಬಂತೆ ಗೆಲ್ಲರ್ ಕೈ ಚೆಲ್ಲಿದರು.

ಹಾಗಾದರೆ ಉಳಿದ ಕಡೆ ಬಾಗಿದ್ದು ಹೇಗೆ? ನಾನು ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಮತ್ತು ಸ್ಕ್ರೂ ಗೇಜ್ ತೆಗೆದುಕೊಂಡು ಒಂದು ತೆಳು ಸ್ಟೀಲ್ ಚಮಚವನ್ನು ಅಳೆದೆ. ಕುತ್ತಿಗೆಯ ಬಳಿ ಅದರ ಅಗಲ ಸುಮಾರು 6 ಮಿಲಿಮೀಟರ್, ದಪ್ಪ ಒಂದೂವರೆ ಮಿಲಿಮೀಟರ್. ಇಂಥ ಸ್ಟೀಲು ಚದರ ಮಿಲಿಮೀಟರಿಗೆ 250 ನ್ಯೂಟನ್ ಒತ್ತಡದ ಆಸುಪಾಸಿನಲ್ಲಿ ಮಣಿಯುತ್ತದೆ ಎಂದಿಟ್ಟುಕೊಳ್ಳೋಣ. ಕುತ್ತಿಗೆಯಿಂದ 7 ಸೆಂಟಿಮೀಟರ್ ದೂರದಲ್ಲಿ ಹಿಡಿಯ ಮೇಲೆ ಎಷ್ಟು ಬಲ ಹಾಕಿದರೆ ಅದು ಶಾಶ್ವತವಾಗಿ ಬಾಗುತ್ತದೆ? ಲೆಕ್ಕ ಹಾಕಿದರೆ ಬರುವುದು ಸುಮಾರು 12 ನ್ಯೂಟನ್. ಅಂದರೆ ಒಂದೂಕಾಲು ಕಿಲೋ ಸಕ್ಕರೆಯ ಪೊಟ್ಟಣದ ಭಾರ. ಗಟ್ಟಿ ಚಮಚವಾದರೆ ಅದರ ಎರಡು ಮೂರು ಪಟ್ಟು ಬೇಕಾದೀತು. ಕುರ್ಚಿಯ ಅಂಚಿಗೆ ಒತ್ತಿದರೆ, ಅಂಗೈಯಲ್ಲಿ ಹಿಡಿದು ಒಂದು ಕ್ಷಣ ಅದುಮಿದರೆ ಕೆಲಸ ಮುಗಿಯಿತು.

ಬಗ್ಗಿಸುವುದಕ್ಕೆ ಬೇಕಾದದ್ದು ಆ ಒಂದು ಕ್ಷಣ. ನೋಡುವವರ ಕಣ್ಣನ್ನು ಆ ಕ್ಷಣ ಬೇರೆಡೆಗೆ ಒಯ್ಯುವುದೇ ಜಾದೂಗಾರರ ವಿದ್ಯೆ. ಆಮೇಲೆ ಬಾಗಿದ ಜಾಗವನ್ನು ಬೆರಳಿನಿಂದ ಮುಚ್ಚಿ, ಬೆರಳನ್ನು ನಿಧಾನವಾಗಿ ಸರಿಸುತ್ತ ಹೋದರೆ ಚಮಚ ಈಗ ತಾನೇ ಬಾಗುತ್ತಿದೆ ಎಂದು ಕಾಣುತ್ತದೆ. ಇನ್ನೊಂದು ಉಪಾಯವೂ ಇದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವುದನ್ನು ನಾವೆಲ್ಲ ಮಾಡಿದ್ದೇವೆ. ಚಮಚವನ್ನೂ ಮೊದಲೇ ಹಾಗೆ ಬಗ್ಗಿಸಿ, ಇನ್ನೇನು ಮುರಿಯಬೇಕು ಎನ್ನುವಲ್ಲಿ ನಿಲ್ಲಿಸಿ, ನೆಟ್ಟಗೆ ಮಾಡಿ ಇಟ್ಟಿರುತ್ತಾರೆ. ವೇದಿಕೆಯ ಮೇಲೆ ಅದನ್ನು ಮೆಲ್ಲಗೆ ಅಲುಗಿಸಿದರೂ ಸಾಕು, ತಾನಾಗಿ ಜೋತು ಬಿದ್ದು ಎರಡಾಗುತ್ತದೆ. ಎಂಜಿನಿಯರುಗಳು ಇದನ್ನು ಲೋಹದ ದಣಿವು ಎನ್ನುತ್ತಾರೆ. ದಣಿದದ್ದು ಚಮಚ, ಹೆಸರು ಬಂದದ್ದು ಮನಸ್ಸಿಗೆ.

“ದೊಡ್ಡ ದೊಡ್ಡ ವಿಜ್ಞಾನಿಗಳೇ ನಂಬಿದ್ದರಲ್ಲ?” ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಹೌದು, ನಂಬಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಜಾನ್ ಟೇಲರ್ ಬಿಬಿಸಿಯ ಆ ಕಾರ್ಯಕ್ರಮದಲ್ಲಿ ಇದ್ದವರು. ಅವರು ಗೆಲ್ಲರ್ ಅವರನ್ನೂ ಮಕ್ಕಳನ್ನೂ ಪರೀಕ್ಷಿಸಿ 1975ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ಅವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಈ ಶಕ್ತಿ ನಿಜವಾದರೆ ಅದು ವಿದ್ಯುತ್ಕಾಂತೀಯ ಬಲವೇ ಇರಬೇಕು ಎಂದು ಅವರು ಹುಡುಕಿದರು. ಸಿಗಲಿಲ್ಲ. ಹಿಡಿತ ಬಿಗಿಯಾದಂತೆಲ್ಲ ಪವಾಡಗಳು ಕಡಿಮೆಯಾದವು. 1980ರಲ್ಲಿ ಇನ್ನೊಂದು ಪುಸ್ತಕ ಬರೆದು ತಮ್ಮ ಹಿಂದಿನ ಮಾತನ್ನು ಕೈಬಿಟ್ಟರು. ಮೊದಲ ಪುಸ್ತಕದ ಸುದ್ದಿ ಎಲ್ಲರಿಗೂ ತಲುಪಿತು, ಎರಡನೆಯದರ ಸುದ್ದಿ ತಲುಪಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಗೆಲ್ಲರ್ ಬಗ್ಗೆ 1974ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದನ್ನೂ ಜನ ಎತ್ತಿ ಹೇಳುತ್ತಾರೆ. ಆದರೆ ಆ ಲೇಖನ ಚಿತ್ರಗಳನ್ನು ಊಹಿಸುವುದರ ಬಗ್ಗೆ. ಲೋಹ ಬಗ್ಗಿಸುವುದನ್ನು ಸರಿಯಾದ ನಿಯಂತ್ರಣದಲ್ಲಿ ನೋಡಲು ತಮಗೆ ಸಾಧ್ಯವಾಗಿಲ್ಲ ಎಂದು ಅದರಲ್ಲಿ ಅವರೇ ಹೇಳಿದ್ದರು.

1975ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಹ್ಯಾರಿ ಕಾಲಿನ್ಸ್ ಮತ್ತು ಬ್ರಯನ್ ಪ್ಯಾಂಪ್ಲಿನ್ ಚಮಚ ಬಗ್ಗಿಸುವ ಮಕ್ಕಳನ್ನು ಕರೆದರು. ಕೋಣೆಯಲ್ಲಿ ಕುಳಿತ ವೀಕ್ಷಕ ಬೇಕೆಂದೇ ಸ್ವಲ್ಪ ಸಡಿಲವಾಗಿದ್ದ. ಒಂದು ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಬೇರೆಯವರು ನೋಡುತ್ತಿದ್ದರು. ವೀಕ್ಷಕನ ಗಮನ ತಪ್ಪಿದ ಕೂಡಲೇ ಮಕ್ಕಳು ಎರಡೂ ಕೈಯಿಂದ, ಒಬ್ಬರು ಕಾಲಿನಡಿ ಇಟ್ಟು, ಬಗ್ಗಿಸಿದ್ದು ಕಂಡಿತು.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ಮೂರನೆಯ ಘಟನೆ. 1979ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಇಂಥ ಶಕ್ತಿಗಳ ಅಧ್ಯಯನಕ್ಕಾಗಿ ಐದು ಲಕ್ಷ ಡಾಲರ್ ದಾನ ಬಂತು. ಪೀಟರ್ ಫಿಲಿಪ್ಸ್ ಎಂಬ ಭೌತವಿಜ್ಞಾನಿ ಅದರ ಮುಖ್ಯಸ್ಥರಾದರು. ರ‍್ಯಾಂಡಿ ಅವರಿಗೆ ಮೊದಲೇ ಪತ್ರ ಬರೆದು, ಮೋಸ ಹೋಗದಿರಲು ಏನೇನು ಎಚ್ಚರ ಬೇಕು ಎಂದು ಪಟ್ಟಿ ಕೊಟ್ಟಿದ್ದರು. ಆಮೇಲೆ ಸ್ಟೀವ್ ಶಾ, ಮೈಕಲ್ ಎಡ್ವರ್ಡ್ಸ್ ಎಂಬ ಇಬ್ಬರು ಹದಿಹರೆಯದ ಜಾದೂಗಾರರು, ನಮಗೆ ಶಕ್ತಿ ಇದೆ ಎಂದು ಹೇಳಿಕೊಂಡು ಆ ಪ್ರಯೋಗಾಲಯಕ್ಕೆ ಹೋದರು. ಚಮಚಗಳಿಗೆ ಕಟ್ಟಿದ್ದ ಗುರುತಿನ ಚೀಟಿಗಳನ್ನು ಅದಲು ಬದಲು ಮಾಡಿಯೇ ಅವರು ಎಷ್ಟೋ ‘ಪವಾಡ’ ತೋರಿಸಿದರು. 1983ರಲ್ಲಿ ಗುಟ್ಟನ್ನು ತಾವೇ ಬಿಚ್ಚಿದರು. ಅವರಿಗೂ ರ‍್ಯಾಂಡಿಗೂ ಒಂದು ಒಪ್ಪಂದವಿತ್ತು: ‘ನೀವು ಜಾದೂಗಾರರೇ? ನೀವು ಮೋಸ ಮಾಡುತ್ತಿದ್ದೀರಾ?’ ಎಂದು ಯಾರಾದರೂ ನೇರವಾಗಿ ಕೇಳಿದರೆ ಆ ಕ್ಷಣವೇ ನಿಜ ಹೇಳಿಬಿಡಬೇಕು. ಅಷ್ಟು ವರ್ಷ ಹಾಗೆ ಯಾರೂ ಕೇಳಲೇ ಇಲ್ಲ.

ಇದರಿಂದ ವಿಜ್ಞಾನ ಸೋತಿತು ಎಂದು ನಾನು ಹೇಳುವುದಿಲ್ಲ. ಕೈಚಳಕವನ್ನು ಹಿಡಿಯಬೇಕಾದರೆ ಕೈಚಳಕ ಬಲ್ಲವರನ್ನು ಕೇಳಬೇಕಿತ್ತು, ಕೇಳಲಿಲ್ಲ. ಕಾರ್ಸನ್ ಕೇಳಿದರು, ಇಪ್ಪತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು. ಪ್ರಾಧ್ಯಾಪಕರು ಕೇಳಲಿಲ್ಲ, ವರ್ಷಗಳು ಕಳೆದವು. ಪದವಿ ದೊಡ್ಡದಾದಂತೆ ಕೈಕೆಲಸದವರ ಮಾತು ಕಿವಿಗೆ ಬೀಳುವುದು ಕಡಿಮೆಯಾಗುತ್ತದೆಯೇ? ಈ ಪ್ರಶ್ನೆಯನ್ನು ನಮ್ಮ ಕಾಲೇಜಿಗೂ ಕೇಳಬೇಕು ಎಂಬುದೇ ಈ ಬರಹದ ಉದ್ದೇಶ.

ಚಮಚ ಬಿಟ್ಟು ಲೋಹದ ಒಳಗೆ ಹೋಗೋಣ. ಪ್ರಥಮ ಪಿಯುಸಿಯಲ್ಲಿ ಹೂಕ್‌ನ ನಿಯಮ, ಯಂಗ್ಸ್ ಮಾಡ್ಯುಲಸ್, ಯೀಲ್ಡ್ ಪಾಯಿಂಟ್ ಎಂದೆಲ್ಲ ಬಾಯಿಪಾಠ ಮಾಡಿದ್ದೇವೆ. ಸರಳನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಒಂದು ಪದರ ಹಿಗ್ಗದೆ ಕುಗ್ಗದೆ ಉಳಿಯುತ್ತದೆ. ಸ್ವಲ್ಪವೇ ಬಗ್ಗಿಸಿ ಬಿಟ್ಟರೆ ಮೊದಲಿನಂತಾಗುತ್ತದೆ. ಒಂದು ಮಿತಿ ದಾಟಿದರೆ ಬಾಗಿದಂತೆಯೇ ನಿಲ್ಲುತ್ತದೆ. ಆ ಮಿತಿ ದಾಟಿದಾಗ ಒಳಗೆ ಏನಾಗುತ್ತದೆ?

1926ರಲ್ಲಿ ಯಾಕೊವ್ ಫ್ರೆಂಕೆಲ್ ಎಂಬ ಸೋವಿಯತ್ ವಿಜ್ಞಾನಿ ಇದನ್ನು ಲೆಕ್ಕ ಹಾಕಿದರು. ಪರಮಾಣುಗಳ ಒಂದಿಡೀ ಪದರ ಇನ್ನೊಂದರ ಮೇಲೆ ಒಮ್ಮೆಲೇ ಜಾರಬೇಕಾದರೆ ಅಗಾಧ ಬಲ ಬೇಕು. ಶುದ್ಧ ಲೋಹದ ಹರಳುಗಳು ನಿಜದಲ್ಲಿ ಅದರ ಸಾವಿರದ ಒಂದು ಪಾಲಿಗೋ ಇನ್ನೂ ಕಡಿಮೆಗೋ ಮಣಿದುಬಿಡುತ್ತವೆ. ಇದೇ ನಿಜವಾದ ಪವಾಡ. ಲೋಹ ಇಷ್ಟು ಸುಲಭವಾಗಿ ಯಾಕೆ ಬಾಗುತ್ತದೆ? 1934ರಲ್ಲಿ ಜಿ. ಐ. ಟೇಲರ್, ಈಗಾನ್ ಒರೊವಾನ್, ಮೈಕಲ್ ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿ ಯೋಚಿಸಿ ಒಂದೇ ಉತ್ತರಕ್ಕೆ ಬಂದರು. ಪರಮಾಣುಗಳ ಸಾಲುಗಳಲ್ಲಿ ಅಲ್ಲಲ್ಲಿ ಲೋಪಗಳಿರುತ್ತವೆ. ಪದರ ಪೂರ್ತಿಯಾಗಿ ಜಾರುವುದಿಲ್ಲ, ಆ ಲೋಪ ಮಾತ್ರ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತದೆ. ಜುಮಾದ ದಿನ ಹಾಸುವ ಉದ್ದ ಜಮಖಾನೆಯನ್ನು ನೆನಪಿಸಿಕೊಳ್ಳಿ. ಅಂಚು ಹಿಡಿದು ಎಳೆದರೆ ಅದು ಅಲುಗುವುದೇ ಇಲ್ಲ. ಒಂದು ತುದಿಯಲ್ಲಿ ಸುಕ್ಕು ಮಾಡಿ ಆ ಸುಕ್ಕನ್ನು ಕಾಲಿನಿಂದ ಇನ್ನೊಂದು ತುದಿಯವರೆಗೆ ತಳ್ಳಿಕೊಂಡು ಹೋದರೆ ಇಡೀ ಜಮಖಾನೆ ಸರಿದಿರುತ್ತದೆ. ಲೋಹದಲ್ಲೂ ಹಾಗೆಯೇ. ಬಗ್ಗಿಸುತ್ತ ಹೋದಂತೆ ಲೋಪಗಳು ಹೆಚ್ಚಿ, ಒಂದಕ್ಕೊಂದು ತೊಡಕಿಕೊಂಡು ಲೋಹ ಗಡುಸಾಗುತ್ತದೆ. ಕಾಯಿಸಿದರೆ ತೊಡಕು ಬಿಡಿಸಿಕೊಂಡು ಮತ್ತೆ ಮೆದುವಾಗುತ್ತದೆ. ತಾಮ್ರದ ಪಾತ್ರೆ ಬಡಿಯುವವರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದು ಇದಕ್ಕೇ. 1934ಕ್ಕಿಂತ ಸಾವಿರಾರು ವರ್ಷ ಮೊದಲೇ ಕೈಗೆ ಇದು ಗೊತ್ತಿತ್ತು. ಬಾಯಿಗೆ ಗೊತ್ತಾಗಲು ತಡವಾಯಿತು.

ಇಬ್ಬರು ಟೇಲರ್‌ಗಳನ್ನು ಗಮನಿಸಿದಿರಾ? ಒಬ್ಬರು ಲೋಹ ಬಾಗುವ ನಿಜವಾದ ಗುಟ್ಟು ಕಂಡುಹಿಡಿದರು. ಇನ್ನೊಬ್ಬರು ಬಾಗಿದ ಚಮಚದ ಮುಂದೆ ಬೆರಗಾಗಿ ನಿಂತರು. ನಮ್ಮಲ್ಲಿ ಹೆಚ್ಚಿನವರು ಹೆಸರು ಕೇಳಿರುವುದು ಇವರಿಬ್ಬರದ್ದೂ ಅಲ್ಲ, ಚಮಚದವರದ್ದೇ.

ಈಗ ನಮ್ಮ ಓಣಿಗೆ ಬರೋಣ. ನನ್ನ ದಾದಾ ನಾಲಬಂದರು. ಎತ್ತುಗಳಿಗೆ ಲಾಳ ಹೊಡೆಯುವುದು ಅವರ ಕಸುಬು. ನಮ್ಮ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಆ ಹೆಸರು ಹೊತ್ತವರು ಹಲವರಿದ್ದಾರೆ, ಆದರೆ ಅದರ ಅರ್ಥ ಕೇಳಿದರೆ ಹೇಳುವವರು ಕಡಿಮೆ. ಎತ್ತಿನ ಗೊರಸು ಎರಡಾಗಿ ಸೀಳಿರುತ್ತದೆ. ಆದ್ದರಿಂದ ಒಂದು ಕಾಲಿಗೆ ಎರಡು ತೆಳು ಲಾಳ ಬೇಕು, ಒಂದೊಂದೂ ಆಯಾ ಗೊರಸಿನ ಅಂಚಿಗೆ ಸರಿಯಾಗಿ ಬಾಗಿರಬೇಕು. ಸ್ವಲ್ಪ ಹೆಚ್ಚು ಬಾಗಿದರೆ ಒತ್ತುತ್ತದೆ, ಕಡಿಮೆಯಾದರೆ ಕಳಚಿ ಬೀಳುತ್ತದೆ. ಎತ್ತು ಕುಂಟಿದರೆ ರೈತನ ಹಂಗಾಮೇ ಹೋಯಿತು. ಲಾಳ ಸರಿಯಿದೆಯೋ ಇಲ್ಲವೋ ಎಂದು ಎತ್ತು ಬಾಯಿ ಬಿಟ್ಟು ಹೇಳುವುದಿಲ್ಲ, ನಡೆದು ತೋರಿಸುತ್ತದೆ. ದಾದಾ ಅವರ ಪರೀಕ್ಷಕರು ಎತ್ತುಗಳು.

ಗಾಡಿಯ ಗಾಲಿಗೆ ಕಂಬಾರರು ಹಳಿ ಹಾಕುವುದನ್ನು ಅವರು ಇಂದಿಗೂ ಸೊಗಸಾಗಿ ವರ್ಣಿಸುತ್ತಾರೆ. ಗಾಲಿಯ ಸುತ್ತಳತೆ ತೆಗೆದು, ಕಬ್ಬಿಣದ ಪಟ್ಟಿಯನ್ನು ಅದಕ್ಕಿಂತ ತುಸು ಚಿಕ್ಕ ಬಳೆಯಾಗಿ ಬಗ್ಗಿಸಿ ಬೆಸೆಯುವುದು, ಬೆರಣಿಯ ಬೆಂಕಿಯಲ್ಲಿ ಕಾಯಿಸುವುದು, ಹಿಗ್ಗಿದ ಬಳೆಯನ್ನು ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸುವುದು, ಮರ ಸುಡುವ ಮೊದಲೇ ನೀರು ಸುರಿಯುವುದು. ಬಳೆ ಕುಗ್ಗಿ ಗಾಲಿಯ ಕೀಲುಗಳನ್ನೆಲ್ಲ ಬಿಗಿಹಿಡಿಯುತ್ತದೆ. ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರ ಪುಸ್ತಕದಲ್ಲಿ ಇದೇ ವಿಷಯದ ಒಂದು ಲೆಕ್ಕವಿದೆ. ಅಲ್ಲಿ ಕುದುರೆಗಾಡಿಯ ಗಾಲಿಯ ವ್ಯಾಸ 5.243 ಮೀಟರ್, ಬಳೆಯ ವ್ಯಾಸ 5.231 ಮೀಟರ್. ಉತ್ತರ 218 ಡಿಗ್ರಿ ಸೆಲ್ಸಿಯಸ್. ನಾವೆಲ್ಲ ಆ ಲೆಕ್ಕ ಮಾಡಿ ಪೂರ್ಣ ಅಂಕ ಪಡೆದಿದ್ದೇವೆ. ಐದೂಕಾಲು ಮೀಟರ್ ಅಂದರೆ ಹದಿನೇಳು ಅಡಿ! ಒಂದು ಮನೆಗಿಂತ ಎತ್ತರದ ಗಾಲಿ. ಅದನ್ನು ಎಳೆಯುವ ಕುದುರೆ ಎಷ್ಟು ದೊಡ್ಡದಿರಬೇಕು? ದಾದಾಗೆ ಓದಿ ಹೇಳಿದಾಗ ಅವರು ನಕ್ಕು ಕೇಳಿದ್ದು ಒಂದೇ ಮಾತು: “ಪುಸ್ತಕ ಬರೆದವರು ಒಬ್ಬ ಕಂಬಾರನನ್ನೂ ಕೇಳಲಿಲ್ಲವೇನಮ್ಮ?” ಲೆಕ್ಕದ ಭೌತಶಾಸ್ತ್ರ ಸರಿಯಾಗಿಯೇ ಇದೆ. ನಿಜವಾದ ಗಾಲಿ ಒಂದೂವರೆ ಮೀಟರ್ ಇದ್ದರೆ, ಅಷ್ಟೇ ಉಷ್ಣತೆಗೆ ಬಳೆ ಹಿಗ್ಗುವುದು ಸುಮಾರು ಮೂರೂವರೆ ಮಿಲಿಮೀಟರ್. ಆ ಮೂರೂವರೆ ಮಿಲಿಮೀಟರನ್ನು ಕಣ್ಣಳತೆಯಲ್ಲಿ ಹಿಡಿಯುತ್ತಿದ್ದವರಿಗೆ ಯಾರೂ ಅಂಕ ಕೊಡಲಿಲ್ಲ.

ನನ್ನ ಅಬ್ಬಾ ಕಂಬಿ ಕೆಲಸದ ಮೇಸ್ತ್ರಿ. ಕಟ್ಟಡಗಳ ಪಿಲ್ಲರ್, ಬೀಮುಗಳಿಗೆ ಸರಳು ಕತ್ತರಿಸಿ, ಬಗ್ಗಿಸಿ, ಕಟ್ಟುತ್ತಾರೆ. ಇಂದಿನ ಮನೆಗಳಿಗೆ ಬಳಸುವ ಸರಳಿನ ಮೇಲೆ ‘ಎಫ್‌ಇ 500’ ಎಂದು ಗುರುತಿರುತ್ತದೆ. ಚದರ ಮಿಲಿಮೀಟರಿಗೆ 500 ನ್ಯೂಟನ್ ಬರುವವರೆಗೆ ಅದು ಮಣಿಯಬಾರದು ಎಂದರ್ಥ. 8 ಮಿಲಿಮೀಟರ್ ದಪ್ಪದ ಒಂದು ಸರಳು ಸುಮಾರು ಎರಡೂವರೆ ಟನ್ ಭಾರದ ಎಳೆತವನ್ನು ತಡೆಯುತ್ತದೆ. ಅದೇ ಸರಳನ್ನು ಅಬ್ಬಾ ಮರದ ಹಲಗೆಗೆ ಬಡಿದ ಗೂಟಗಳ ನಡುವೆ ಇಟ್ಟು, ಅರ್ಧ ಮೀಟರ್ ಉದ್ದದ ಕಬ್ಬಿಣದ ಕೀಯಿಂದ ಬಗ್ಗಿಸುತ್ತಾರೆ. ಲೆಕ್ಕ ಹಾಕಿದರೆ ಕೀಯ ತುದಿಗೆ ಬೇಕಾದ ಬಲ ಒಂಬತ್ತು ಕಿಲೋ ಭಾರದಷ್ಟು. ಸನ್ನೆಕೋಲು ಮಾಡುವ ಕೆಲಸ ಅದು. ಬಿಟ್ಟಾಗ ಸರಳು ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ ಎಂದು ಗೊತ್ತಿರುವುದರಿಂದ, ಬೇಕಾದ ಕೋನಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿಸುತ್ತಾರೆ. ದಿನಕ್ಕೆ ನೂರಾರು ರಿಂಗ್‌ಗಳು. ಯಾರೂ ವಿಡಿಯೊ ಮಾಡುವುದಿಲ್ಲ.

ಆ ರಿಂಗಿನ ತುದಿಯಲ್ಲಿ ಒಂದು ಹುಕ್ ಇರುತ್ತದೆ. ಭೂಕಂಪ ತಡೆಯಬೇಕಾದ ಕಟ್ಟಡಗಳಿಗೆ ಭಾರತೀಯ ಮಾನಕ 13920ರ ಪ್ರಕಾರ ಅದು 135 ಡಿಗ್ರಿ ಬಾಗಿ ಕಾಂಕ್ರೀಟಿನ ಒಡಲೊಳಗೆ ಹೋಗಿರಬೇಕು. 90 ಡಿಗ್ರಿಗೆ ನಿಲ್ಲಿಸಿದರೆ ಕೆಲಸ ಬೇಗ ಆಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಆದರೆ ನೆಲ ನಡುಗಿದಾಗ ಪಿಲ್ಲರಿನ ಹೊರಗಿನ ಕಾಂಕ್ರೀಟು ಉದುರುತ್ತದೆ, 90 ಡಿಗ್ರಿಯ ಹುಕ್ ಬಿಚ್ಚಿಕೊಳ್ಳುತ್ತದೆ, ಒಳಗಿನ ಉದ್ದ ಸರಳುಗಳು ಹೊರಗೆ ಉಬ್ಬಿ ಪಿಲ್ಲರ್ ಕುಸಿಯುತ್ತದೆ. 2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಬಿದ್ದವು. ಹೋಗಿ ನೋಡಿದ ಎಂಜಿನಿಯರುಗಳು ಎತ್ತಿ ತೋರಿಸಿದ ಲೋಪಗಳಲ್ಲಿ ಈ ಹುಕ್‌ಗಳೂ ಇದ್ದವು. ಉಳಿದ 45 ಡಿಗ್ರಿಯಲ್ಲಿ ಒಂದು ಸಂಸಾರದ ಜೀವ ಇರುತ್ತದೆ.

ಒಮ್ಮೆ ಒಂದು ಕಟ್ಟಡದಲ್ಲಿ ಮಾಲೀಕರ ಕಡೆಯವರು ಅಬ್ಬಾಗೆ ಹೇಳಿದರಂತೆ: “ಇಷ್ಟೆಲ್ಲ ಯಾಕೆ ಬಗ್ಗಿಸುತ್ತೀರಿ, ಕಾಂಕ್ರೀಟು ಹಾಕಿದ ಮೇಲೆ ಯಾರು ನೋಡುತ್ತಾರೆ?” ಅಬ್ಬಾ ಒಪ್ಪಲಿಲ್ಲ. ಆ ಕೆಲಸ ಬೇರೆಯವರಿಗೆ ಹೋಯಿತು. ಮನೆಗೆ ಬಂದು ಅಮ್ಮಿಗೆ ಇಷ್ಟೇ ಹೇಳಿದರು: “ನೋಡುವವನು ಇದ್ದಾನೆ.” ಆ ತಿಂಗಳ ಸಂಬಳದಲ್ಲಿ ಆದ ಕಡಿತ ನಮ್ಮ ಮನೆಯವರೆಲ್ಲರಿಗೂ ನೆನಪಿದೆ.

ಈಗ ಹೇಳಿ, ಯಾರು ಲೋಹ ಬಗ್ಗಿಸಿದವರು? ಯಾರೂ ನೋಡದಿದ್ದಾಗ ಕದ್ದು ಚಮಚ ಬಗ್ಗಿಸಿ ಶಕ್ತಿ ಎಂದವರೇ? ಯಾರೂ ನೋಡದಿದ್ದರೂ 135 ಡಿಗ್ರಿ ಬಗ್ಗಿಸಿದವರೇ?

ನನ್ನ ಮಾತಿಗೆ ಎರಡು ಆಕ್ಷೇಪಗಳು ಬಂದಿವೆ. ಒಂದು, “ಎಲ್ಲವನ್ನೂ ವಿಜ್ಞಾನದಿಂದ ಅಳೆಯಲಾಗದು, ಕಾಣದ್ದನ್ನು ನಂಬುವವರು ನಾವು” ಎನ್ನುವುದು. ಹೌದು, ಗೈಬ್‌ನಲ್ಲಿ ವಿಶ್ವಾಸ ನಮ್ಮ ಈಮಾನಿನ ಭಾಗ. ಆದರೆ ಚಮಚ ಗೈಬ್ ಅಲ್ಲ. ಅದು ಮೇಜಿನ ಮೇಲಿದೆ, ತಕ್ಕಡಿಗೆ ಸಿಗುತ್ತದೆ, ಸ್ಕ್ರೂ ಗೇಜಿಗೆ ಸಿಗುತ್ತದೆ. ಕಣ್ಣೆದುರು ಇಟ್ಟು ಟಿಕೆಟ್ ಮಾರುವ ವಸ್ತುವನ್ನು ಪರೀಕ್ಷಿಸಬೇಡಿ ಎನ್ನುವುದು ವಿಶ್ವಾಸವಲ್ಲ, ವ್ಯಾಪಾರ. ಕುರ್‌ಆನಿನ ಸಬಾ ಅಧ್ಯಾಯದಲ್ಲಿ ಪ್ರವಾದಿ ದಾವೂದ್(ಅ) ಅವರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುಗೊಳಿಸಿಕೊಟ್ಟ ಪ್ರಸ್ತಾಪವಿದೆ. ಅದನ್ನು ನಾವೆಲ್ಲ ಕೇಳಿದ್ದೇವೆ. ಅದರ ಮುಂದಿನ ಮಾತನ್ನು ಎಷ್ಟು ಜನ ಗಮನಿಸಿದ್ದೇವೆ? ಅಲ್ಲಿ ಬರುವುದು ಪ್ರದರ್ಶನ ಮಾಡು ಎಂಬ ಆಜ್ಞೆಯಲ್ಲ. ಕವಚ ಮಾಡು, ಅದರ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸು, ಒಳ್ಳೆಯ ಕೆಲಸ ಮಾಡು ಎಂಬ ಆಜ್ಞೆ. ವರ ಸಿಕ್ಕವರಿಗೂ ಅಳತೆ ತಪ್ಪಲಿಲ್ಲ. ಇನ್ನು ನಮ್ಮ ಮೊಹಲ್ಲಾಗಳಲ್ಲೇ ತಾಯತದ ಹೆಸರಿನಲ್ಲಿ ಬಡ ತಾಯಂದಿರಿಂದ ದುಡ್ಡು ಕೀಳುವವರಿದ್ದಾರೆ. ಕಪ್ಪು ಕೋಟಿನವರಿಗೆ ಕೇಳುವ ಪ್ರಶ್ನೆಯನ್ನು ಅವರಿಗೂ ಕೇಳಬೇಕು. ಇಲ್ಲದಿದ್ದರೆ ನಮ್ಮ ಪ್ರಶ್ನೆಗೆ ಬೆಲೆ ಇಲ್ಲ.

ಎರಡನೆಯ ಆಕ್ಷೇಪ, “ಮನರಂಜನೆಯನ್ನೂ ಬೇಡವೆನ್ನುತ್ತೀಯಾ?” ಖಂಡಿತ ಇಲ್ಲ. ಇದು ಕೈಚಳಕ ಎಂದು ಹೇಳಿ ಮಾಡುವ ಜಾದೂಗಾರರು ನನ್ನ ದೃಷ್ಟಿಯಲ್ಲಿ ಅಬ್ಬಾನಂತೆಯೇ ಕಸುಬುದಾರರು. ಅವರ ಬೆರಳಿಗೂ ವರ್ಷಗಳ ಅಭ್ಯಾಸವಿದೆ. ನನ್ನ ತಕರಾರು ಅದನ್ನು ಶಕ್ತಿ ಎಂದು ಮಾರುವವರ ಮೇಲೆ. ಕೇರಳ ಮೂಲದ ಅಬ್ರಹಾಂ ಕೋವೂರ್ ಶ್ರೀಲಂಕಾದಲ್ಲಿದ್ದುಕೊಂಡು, ಮೋಸಕ್ಕೆ ಎಡೆಯಿಲ್ಲದ ಕಡೆ ಪವಾಡ ಮಾಡಿ ತೋರಿಸುವವರಿಗೆ ಒಂದು ಲಕ್ಷ ರೂಪಾಯಿ ಎಂದು 1963ರಲ್ಲೇ ಸವಾಲು ಹಾಕಿದ್ದರು. ನಮ್ಮ ಕರ್ನಾಟಕದಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳ ಪರಿಶೀಲನೆಗೆಂದೇ ಸಮಿತಿ ರಚಿಸಿದ್ದರು. ರ‍್ಯಾಂಡಿಯವರ ಬಹುಮಾನ ಬೆಳೆದು ಹತ್ತು ಲಕ್ಷ ಡಾಲರ್ ಆಗಿತ್ತು. 2015ರಲ್ಲಿ ಆ ಸವಾಲು ನಿಲ್ಲುವವರೆಗೂ ಅದನ್ನು ಯಾರೂ ಗೆಲ್ಲಲಿಲ್ಲ. ಎರಡು ದಿನದಲ್ಲಿ ಮಕ್ಕಳಿಗೆ ಶಕ್ತಿ ತುಂಬುವವರು ಅದೇಕೆ ಆ ಹಣ ಬಿಟ್ಟು ನಮ್ಮ ಅಪ್ಪಂದಿರ ಕೂಲಿಗೆ ಕೈ ಚಾಚುತ್ತಾರೆ?

ಬರೀ ದೂರು ಹೇಳಿ ಮುಗಿಸುವುದು ನನಗಿಷ್ಟವಿಲ್ಲ. ನನ್ನದು ಮೂರು ಸಲಹೆ.

ಒಂದು, ಆ ಶಿಬಿರಕ್ಕೆ ಹೋಗಲೇಬೇಕೆಂದಿರುವವರು ಹಣ ಕಟ್ಟುವ ಮೊದಲು ನಿಮ್ಮದೇ ಚಮಚ ಒಯ್ಯಿರಿ. ಅದಕ್ಕೆ ಗುರುತು ಹಾಕಿ, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ ಮೊಹರು ಮಾಡಿ ಮುಂದಿಡಿ. ಮನಸ್ಸಿನ ಶಕ್ತಿಗೆ ಡಬ್ಬಿಯ ಮುಚ್ಚಳ ಅಡ್ಡಿಯಾಗಬಾರದು. ಜೊತೆಗೆ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಯಾರೂ ಕೇಳದ ಆ ನೇರ ಪ್ರಶ್ನೆಯನ್ನು ಮರ್ಯಾದೆಯಿಂದ ಕೇಳಿ.

ಎರಡು, ಈ ಬಾರಿಯ ವಿಜ್ಞಾನ ಪ್ರದರ್ಶನದಲ್ಲಿ ಥರ್ಮೊಕೋಲಿನ ಜ್ವಾಲಾಮುಖಿಗಳ ಸಾಲಿನಲ್ಲಿ ಒಂದು ಮೇಜನ್ನು ಲೋಹಕ್ಕೆ ಮೀಸಲಿಡೋಣ. ಒಬ್ಬ ಕಂಬಾರರು, ಒಬ್ಬ ನಾಲಬಂದರು, ಒಬ್ಬ ಕಂಬಿ ಮೇಸ್ತ್ರಿ, ಒಬ್ಬ ಜಾದೂಗಾರರು ಬರಲಿ. ಬಿಸಿನೀರಿಗೆ ಹಾಕಿದರೆ ತಾನಾಗಿ ನೆಟ್ಟಗಾಗುವ ನಿಕಲ್–ಟೈಟೇನಿಯಂ ತಂತಿಯನ್ನೂ ತೋರಿಸೋಣ. ಅದೇ ಮಿಶ್ರಲೋಹ ಹಲ್ಲಿನ ಕ್ಲಿಪ್‌ಗಳಲ್ಲಿ, ಹೃದಯದ ರಕ್ತನಾಳದ ಚಿಕಿತ್ಸೆಯಲ್ಲಿ ಕೆಲಸ ಮಾಡುತ್ತಿದೆ. ಬೆರಗು ಬೇಕೆನ್ನುವವರಿಗೆ ಅಲ್ಲಿ ಬೇಕಾದಷ್ಟಿದೆ. ಪ್ರಾಂಶುಪಾಲರಿಗೆ ಈ ಬಗ್ಗೆ ನಾವು ಏಳು ಮಂದಿ ಸಹಿ ಮಾಡಿದ ಅರ್ಜಿ ಕೊಟ್ಟಿದ್ದೇವೆ. ಎಂಟನೆಯ ಸಹಿಗೆ ಜಾಗವಿದೆ.

ಮೂರನೆಯದು ಚಿಕ್ಕ ವಿಷಯ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಕಲಂ ಇದೆ. ವೆಲ್ಡಿಂಗ್ ಮಾಡುವವರ ಮಗ ಅಲ್ಲಿ ‘ಬಿಸಿನೆಸ್’ ಎಂದು ಬರೆಯುವುದನ್ನು, ಗ್ಯಾರೇಜಿನಲ್ಲಿ ಜಜ್ಜಿಹೋದ ಕಾರಿನ ತಗಡು ತಟ್ಟಿ ಸರಿಮಾಡುವವರ ಮಗಳು ‘ಇತರೆ’ ಎಂದು ಬರೆಯುವುದನ್ನು ನಾನು ನೋಡಿದ್ದೇನೆ. ಅವರನ್ನು ನಾನು ದೂರುವುದಿಲ್ಲ. ಪಕ್ಕದಲ್ಲಿ ಕುಳಿತವರು ನಗುತ್ತಾರೆಂಬ ಹೆದರಿಕೆ ಅದು. ಆ ನಗುವನ್ನು ನಿಲ್ಲಿಸುವುದು ಪಕ್ಕದಲ್ಲಿ ಕುಳಿತ ನಮ್ಮ ಕೈಯಲ್ಲಿದೆ. ಮುಂದಿನ ವಾರ ಅರ್ಜಿಗಳು ಬರುತ್ತವೆ. ನಾನು ‘ಕಂಬಿ ಕೆಲಸ’ ಎಂದು ಕನ್ನಡದಲ್ಲಿ, ಬಿಡಿಸಿ, ದೊಡ್ಡದಾಗಿ ಬರೆಯುತ್ತೇನೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ